ಬ್ಯಾಂಕು ಕೊಡದ ಹಣ: ಮೊದಲ ಮನೆಗೆ ಎಷ್ಟು ಕೂಡಿಡಬೇಕು, ಎಲ್ಲಿಡಬೇಕು

ಬೆಂಗಳೂರಿನಲ್ಲಿ 60 ಲಕ್ಷದ ಫ್ಲ್ಯಾಟಿಗೆ ಕೈಯಲ್ಲಿ 12 ಲಕ್ಷ ಇದ್ದರೆ ಸಾಕು, ಮಿಕ್ಕಿದ್ದನ್ನು ಬ್ಯಾಂಕು ನೋಡಿಕೊಳ್ಳುತ್ತದೆ ಎಂದು ನಂಬಿ ಅಡ್ವಾನ್ಸ್ ಕೊಟ್ಟವರು ನೋಂದಣಿಯ ವಾರದಲ್ಲಿ ಪರ್ಸನಲ್ ಲೋನಿಗೆ ಓಡುತ್ತಾರೆ, ಇಲ್ಲವೇ ಹೆಂಡತಿಯ ಒಡವೆ ಅಡ ಇಡುತ್ತಾರೆ. ಇದು ಉಳಿತಾಯ ಮಾಡದವರ ಕಥೆಯಲ್ಲ. ಐದಾರು ವರ್ಷ ಕಷ್ಟಪಟ್ಟು ಕೂಡಿಟ್ಟವರಿಗೂ ಹೀಗೇ ಆಗುತ್ತದೆ, ಯಾಕೆಂದರೆ ಅವರು ಇಟ್ಟುಕೊಂಡ ಗುರಿಯೇ ಅರ್ಧದ್ದು. ಆದ್ದರಿಂದ ಮೊದಲು ಆ ಮೊತ್ತವನ್ನು ಸರಿಯಾಗಿ ಲೆಕ್ಕ ಹಾಕೋಣ. ದುಡ್ಡನ್ನು ಎಲ್ಲಿಡಬೇಕು ಅನ್ನುವುದು ಆಮೇಲಿನ ಮಾತು.

ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ಶೇ 90, 30ರಿಂದ 75 ಲಕ್ಷದ ಸಾಲಕ್ಕೆ ಶೇ 80, ಅದಕ್ಕೂ ಮೇಲೆ ಹೋದರೆ ಶೇ 75ರಷ್ಟು ಮಾತ್ರ ಬ್ಯಾಂಕು ಕೊಡಬಹುದು. ಈ ಮಿತಿಗಳು ಲೆಕ್ಕಕ್ಕೆ ಬರುವುದು ಸಾಲದ ಮೊತ್ತದ ಮೇಲೆ, ಮನೆಯ ಬೆಲೆಯ ಮೇಲಲ್ಲ. ಹಾಗಾಗಿ ಗಡಿಯ ಹತ್ತಿರ ವಿಚಿತ್ರ ಫಲ ಸಿಗುತ್ತದೆ. 35 ಲಕ್ಷದ ಮನೆಗೆ ಶೇ 90 ಅಂದರೆ 31.5 ಲಕ್ಷ; ಅದು 30 ಲಕ್ಷ ದಾಟಿತು, ಆದ್ದರಿಂದ ಸಿಗುವುದು 30 ಲಕ್ಷ. 95 ಲಕ್ಷದ ಮನೆಗೂ 75 ಲಕ್ಷವೇ, ಒಂದು ಕೋಟಿಯ ಮನೆಗೂ 75 ಲಕ್ಷವೇ. ಅಂದರೆ 95ರಿಂದ ಕೋಟಿಗೆ ಏರಿದ ಆ ಐದು ಲಕ್ಷ ಪೂರ್ತಿಯಾಗಿ ನಿಮ್ಮ ಜೇಬಿನಿಂದಲೇ ಬರಬೇಕು. ಇಷ್ಟು ತಿಳಿದಿದ್ದರೆ ಚೌಕಾಸಿ ಮಾಡುವಾಗ ಎಲ್ಲಿ ಬಿಗಿಹಿಡಿಯಬೇಕು ಅನ್ನುವುದು ಗೊತ್ತಾಗುತ್ತದೆ.

ಇನ್ನೊಂದು ಮಾತು. ಬ್ಯಾಂಕು ಲೆಕ್ಕಕ್ಕೆ ಹಿಡಿಯುವ ಬೆಲೆ ಕರಾರಿನಲ್ಲಿ ಬರೆದ ಬೆಲೆ ಮತ್ತು ಅವರ ಮೌಲ್ಯಮಾಪಕರು ಹೇಳಿದ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಹಳೆಯ ಮನೆಗಳಲ್ಲಿ ಇವೆರಡರ ನಡುವೆ ಮೂರು ನಾಲ್ಕು ಲಕ್ಷದ ಅಂತರ ಬೀಳುವುದು ಅಪರೂಪವಲ್ಲ. ಮಾರುವವರು ‘ಇಷ್ಟು ವೈಟು, ಇಷ್ಟು ಕ್ಯಾಶು’ ಎಂದರೆ ಕ್ಯಾಶಿನ ಭಾಗಕ್ಕೆ ಒಂದು ರೂಪಾಯಿ ಸಾಲವೂ ಹುಟ್ಟುವುದಿಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ ಕೂಡ. ಅಂಥ ಮನೆಯನ್ನು ಬಿಟ್ಟು ಮುಂದೆ ಹೋಗುವುದೇ ಸರಿ.

ಈಗ 60 ಲಕ್ಷದ ಫ್ಲ್ಯಾಟಿನ ಲೆಕ್ಕ. ಒಸಿ (ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ) ಸಿಕ್ಕಿರುವ, ಕಟ್ಟಿ ಮುಗಿದ ಮನೆ ಎಂದಿಟ್ಟುಕೊಳ್ಳಿ; ಹಾಗಿದ್ದರೆ ಜಿಎಸ್‌ಟಿ ಇಲ್ಲ. ಶೇ 80ರಂತೆ 48 ಲಕ್ಷ ಸಾಲ, ನಿಮ್ಮ ಪಾಲು 12 ಲಕ್ಷ. ಮುದ್ರಾಂಕ ಶುಲ್ಕ ಶೇ 5, ಅಂದರೆ 3 ಲಕ್ಷ. ಆ 3 ಲಕ್ಷದ ಮೇಲೆ ಶೇ 10 ಸೆಸ್ 30,000, ನಗರದಲ್ಲಾದರೆ ಶೇ 2 ಸರ್ಚಾರ್ಜ್ 6,000. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ, ಅದು 1,20,000. ಒಟ್ಟು 4,56,000. ಮನೆಯ ಬೆಲೆಯ ಶೇ 7.6. ಹಳೆಯ ಲೇಖನಗಳನ್ನು ಓದಿ ಶೇ 6.6 ಎಂದು ಬರೆದುಕೊಂಡವರು ತಿದ್ದಿಕೊಳ್ಳಿ. ಈ ಶುಲ್ಕಗಳನ್ನು ಮನೆಯ ಬೆಲೆಗೆ ಸೇರಿಸಿ ಸಾಲ ಕೊಡುವ ಹಾಗಿಲ್ಲ. 10 ಲಕ್ಷದ ಒಳಗಿನ ಮನೆಗಳಿಗಷ್ಟೇ ವಿನಾಯಿತಿ. ಅಂದರೆ ಈ ನಾಲ್ಕೂವರೆ ಲಕ್ಷ ಪೂರ್ತಿ ಸ್ವಂತ ಹಣ. ನೀವು ಕೊಡುತ್ತಿರುವ ಬೆಲೆಗಿಂತ ಸರ್ಕಾರದ ಮಾರ್ಗಸೂಚಿ ದರ ಹೆಚ್ಚಿದ್ದರೆ ಶುಲ್ಕ ಕಟ್ಟಬೇಕಾದದ್ದು ಆ ದರದ ಮೇಲೆ. ಅಗ್ಗಕ್ಕೆ ಸಿಕ್ಕಿತು ಎಂದು ಕೊಂಡವರು ಎಡವುವುದು ಇಲ್ಲೇ.

ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ, ಅವರ ವಕೀಲರ ಅಭಿಪ್ರಾಯ, ಮೌಲ್ಯಮಾಪನ, ಮೂಲ ಪತ್ರಗಳನ್ನು ಅಡವಿಟ್ಟದ್ದಕ್ಕೆ ಕಟ್ಟುವ ಶುಲ್ಕ, ಎಲ್ಲಕ್ಕೂ 60,000 ತೆಗೆದಿಡಿ. ನಿಮ್ಮದೇ ವಕೀಲರು ಮತ್ತು ಖಾತಾ ವರ್ಗಾವಣೆಗೆ 40,000. ಬ್ಯಾಂಕಿನ ವಕೀಲರು ನೋಡುತ್ತಾರಲ್ಲ, ನಮಗೇಕೆ ಬೇರೆ ಎಂದು ಈ ದುಡ್ಡು ಉಳಿಸಬೇಡಿ. ಅವರು ನೋಡುವುದು ಬ್ಯಾಂಕಿನ ಸಾಲ ವಸೂಲಾಗುತ್ತದೆಯೇ ಅನ್ನುವುದನ್ನು. ಪಾಲುದಾರರ ತಕರಾರಿಲ್ಲದೆ ನಿಮ್ಮ ಮಕ್ಕಳಿಗೆ ಆ ಮನೆ ಉಳಿಯುತ್ತದೆಯೇ ಎಂದು ನೋಡಲು ನಿಮ್ಮವರೇ ಬೇಕು. ಹೊಸ ಅಪಾರ್ಟ್‌ಮೆಂಟಾದರೆ ಒಂದು ವರ್ಷದ ಮುಂಗಡ ಮೇಂಟೆನೆನ್ಸ್ ಮತ್ತು ಕಾರ್ಪಸ್ ಹಣ (ಮುಂದಿನ ದೊಡ್ಡ ರಿಪೇರಿಗಳಿಗೆ ಎಲ್ಲರಿಂದ ಕೂಡಿಸಿಡುವ ನಿಧಿ): 1,200 ಚದರಡಿಗೆ ತಿಂಗಳಿಗೆ ಅಡಿಗೆ 4 ರೂಪಾಯಿಯಂತೆ 57,600, ಕಾರ್ಪಸ್ ಅಡಿಗೆ 50ರಂತೆ 60,000. ಸುಮಾರು 1,20,000 ಅನ್ನೋಣ.

ಆಮೇಲೆ ಒಳಗಿನ ಕೆಲಸ. ಬಿಲ್ಡರ್ ಕೊಡುವುದು ಗೋಡೆ, ನೆಲ, ಬಾಗಿಲು, ಕಿಟಕಿ. ಫ್ಯಾನು, ಲೈಟು, ಗೀಸರು, ಸೊಳ್ಳೆ ಜಾಲರಿ, ಪರದೆಯ ಸರಳು, ಬಾಲ್ಕನಿಗೆ ಗ್ರಿಲ್, ಅಡುಗೆಮನೆಯ ಕಪಾಟು, ಎರಡು ವಾರ್ಡ್‌ರೋಬು, ಯುಪಿಎಸ್, ಇಷ್ಟೂ ನಿಮ್ಮದು. ಹಿಡಿದು ಮಾಡಿಸಿದರೂ 3 ಲಕ್ಷ. ಸಾಮಾನು ಸಾಗಣೆ ಮತ್ತು ಗೃಹಪ್ರವೇಶಕ್ಕೆ 50,000. ಪುರೋಹಿತರ ದಕ್ಷಿಣೆ, ಹೂವು, ನೂರು ಜನರ ಊಟ ಎಂದರೆ ಇದೂ ಬಿಗಿಯೇ. ಕಡೆಯದಾಗಿ, ಕೆಲಸಕ್ಕೆ ಏನಾದರೂ ಆದರೆಂದು ಆರು ತಿಂಗಳ ಕಂತು. ಶೇ 8.5 ಬಡ್ಡಿಗೆ 20 ವರ್ಷಕ್ಕೆ ಒಂದು ಲಕ್ಷಕ್ಕೆ ತಿಂಗಳ ಕಂತು ಸುಮಾರು 868 ರೂಪಾಯಿ. 48 ಲಕ್ಷಕ್ಕೆ 41,660ರ ಆಸುಪಾಸು. ಆರು ತಿಂಗಳಿಗೆ 2,50,000.

ಎಲ್ಲ ಕೂಡಿಸಿದರೆ 24,76,000. ಮನೆಯ ಬೆಲೆಯ ಶೇ 20 ಅಲ್ಲ, ಶೇ 41. ನಿಮ್ಮ ಮನೆಯ ಬೆಲೆ ಬೇರೆ ಇರಬಹುದು, ಒಳಗಿನ ಕೆಲಸ ಮುಂದೂಡಬಹುದು, ಆದರೂ ಶೇ 35ಕ್ಕಿಂತ ಕಡಿಮೆ ಇಟ್ಟುಕೊಂಡು ಅಡ್ವಾನ್ಸ್ ಕೊಡಲು ಹೋಗಬೇಡಿ ಎಂದೇ ನಾನು ಹೇಳುವುದು.

ಮೈಸೂರು, ಹುಬ್ಬಳ್ಳಿ, ಶಿವಮೊಗ್ಗದಂಥ ಕಡೆ 35 ಲಕ್ಷದ ಹೊಸ ಫ್ಲ್ಯಾಟಾದರೆ ಚಿತ್ರ ಹಗುರ. ಬಿಲ್ಡರಿನಿಂದ ಮೊದಲ ಸಲ ನೋಂದಣಿಯಾಗುವ, 20 ಲಕ್ಷ ದಾಟಿದ, 45 ಲಕ್ಷದವರೆಗಿನ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ ಶೇ 3. ಬೇರೆಯವರಿಂದ ಮರುಖರೀದಿ ಮಾಡಿದರೆ ಅಥವಾ ಸ್ವತಂತ್ರ ಮನೆಯಾದರೆ ಈ ರಿಯಾಯಿತಿ ಇಲ್ಲ. ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗಿದ್ದು ದೇಶದಲ್ಲೆಲ್ಲೂ ಪಕ್ಕಾ ಮನೆ ಇಲ್ಲದಿದ್ದರೆ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ 2.0ರ ಬಡ್ಡಿ ಸಹಾಯಧನವನ್ನು ಕೇಳಿ: ಮನೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇರಬೇಕು, ಮೊದಲ 8 ಲಕ್ಷಕ್ಕೆ ಶೇ 4 ಸಹಾಯಧನ, ಗರಿಷ್ಠ 1.80 ಲಕ್ಷ, ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಬರುತ್ತದೆ. ಅಂದರೆ ಇದು ನೋಂದಣಿಯ ದಿನ ಕೈಗೆ ಸಿಗುವ ದುಡ್ಡಲ್ಲ. ಕೂಡಿಡುವ ಗುರಿಯಿಂದ ಇದನ್ನು ಕಳೆಯಬೇಡಿ.

ತಿಂಗಳಿಗೆ ಎಷ್ಟು

ಶೇ 7ರ ಬಡ್ಡಿಯಲ್ಲಿ ತಿಂಗಳಿಗೆ 10,000 ರೂಪಾಯಿಯ ಆರ್‌ಡಿ ಐದು ವರ್ಷಕ್ಕೆ ಸುಮಾರು 7.19 ಲಕ್ಷವಾಗುತ್ತದೆ. ಹಾಗಾದರೆ 24.76 ಲಕ್ಷಕ್ಕೆ ತಿಂಗಳಿಗೆ 34,400 ಬೇಕು. ದೊಡ್ಡ ಮೊತ್ತ, ಒಪ್ಪುತ್ತೇನೆ. ಮೊದಲ ವರ್ಷ 30,000ದಿಂದ ಶುರುಮಾಡಿ, ಪ್ರತಿ ವರ್ಷ ಸಂಬಳ ಏರಿದ ತಿಂಗಳಲ್ಲೇ ಶೇ 10 ಹೆಚ್ಚಿಸುತ್ತ ಹೋದರೆ ಐದು ವರ್ಷದ ಕೊನೆಗೆ ತೆರಿಗೆಗೆ ಮುಂಚೆ ಸುಮಾರು 26 ಲಕ್ಷ ಆಗುತ್ತದೆ. ಮನೆಯ ಬೆಲೆಯೂ ನಿಂತಿರುವುದಿಲ್ಲ. ವರ್ಷಕ್ಕೆ ಶೇ 5 ಏರಿದರೆ ಇಂದಿನ 60 ಲಕ್ಷ ಐದು ವರ್ಷಕ್ಕೆ 76 ಲಕ್ಷ ದಾಟುತ್ತದೆ. ಆದ್ದರಿಂದ ಗುರಿಯನ್ನು ವರ್ಷಕ್ಕೊಮ್ಮೆ ಹೊಸದಾಗಿ ಬರೆಯಿರಿ. ಗುರಿ ಮುಂದೆ ಓಡುತ್ತಲೇ ಇದ್ದರೆ ಬಡಾವಣೆ ಬದಲಿಸುವುದೋ, ಮೂರು ಬೆಡ್‌ರೂಮಿನ ಬದಲು ಎರಡಕ್ಕೆ ಬರುವುದೋ ಎಂದು ಮನೆಯವರೊಂದಿಗೆ ಆಗಲೇ ಮಾತಾಡಿ.

ಮೊತ್ತಕ್ಕಿಂತಲೂ ನಾನು ಹೆಚ್ಚು ನಂಬುವುದು ಅಭ್ಯಾಸದ ಕಂತನ್ನು. ಮುಂದೆ ಕಟ್ಟಬೇಕಾದ ಕಂತು 41,660, ಮೇಂಟೆನೆನ್ಸ್ 4,800, ಆಸ್ತಿ ತೆರಿಗೆಯ ತಿಂಗಳ ಪಾಲು ಸೇರಿ 47,500 ಎಂದಿಟ್ಟುಕೊಳ್ಳಿ. ಈಗಿನ ಬಾಡಿಗೆ 20,000. ವ್ಯತ್ಯಾಸ 27,500. ಆ ವ್ಯತ್ಯಾಸವನ್ನು ಪ್ರತಿ ತಿಂಗಳೂ ಸಂಬಳ ಬಂದ ಮಾರನೆಯ ದಿನ ಬೇರೆ ಖಾತೆಗೆ ಹಾಕಿ, ಹನ್ನೆರಡು ತಿಂಗಳು ಮುಟ್ಟದೆ ಇರಿ. ಶಾಲೆಯ ಫೀಸು ಬರುವ ಜೂನ್, ಹಬ್ಬದ ತಿಂಗಳುಗಳು, ಊರಿನ ಜಾತ್ರೆ, ಒಂದು ಮದುವೆ, ಇವೆಲ್ಲ ಆ ಹನ್ನೆರಡು ತಿಂಗಳೊಳಗೆ ಬಂದುಹೋಗಬೇಕು. ಮಧ್ಯೆ ಮೂರು ಸಲ ಕೈಹಾಕಿದಿರಿ ಎಂದರೆ ಆ ಬೆಲೆಯ ಮನೆ ಸದ್ಯಕ್ಕೆ ನಿಮ್ಮದಲ್ಲ; ತಿಳಿದದ್ದು ಸಾಲ ತೆಗೆಯುವ ಮುಂಚೆಯೇ ಆದ್ದರಿಂದ ನಷ್ಟವೇನೂ ಆಗಲಿಲ್ಲ. ಆ ಖಾತೆಗೆ ಡೆಬಿಟ್ ಕಾರ್ಡೂ ಬೇಡ, ಯುಪಿಐ ಜೋಡಣೆಯೂ ಬೇಡ.

ದುಡ್ಡು ಎಲ್ಲಿರಬೇಕು

ಮೂರು ವರ್ಷದೊಳಗೆ ಬೇಕಾಗುವ ಹಣ ಆರ್‌ಡಿ, ಎಫ್‌ಡಿಯಲ್ಲೇ ಇರಲಿ. ಒಂದೇ ಐದು ಲಕ್ಷದ ಎಫ್‌ಡಿ ಮಾಡುವ ಬದಲು ಒಂದೊಂದು ಲಕ್ಷದ ಐದು ಮಾಡಿ. ತುರ್ತಿಗೆ ಒಂದನ್ನು ಮುರಿದರೆ ಅದೊಂದಕ್ಕೇ ದಂಡ ಬೀಳುತ್ತದೆ. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು, ಬಡ್ಡಿ ಎಲ್ಲ ಸೇರಿ 5 ಲಕ್ಷಕ್ಕಷ್ಟೇ ಠೇವಣಿ ವಿಮೆ ಇರುವುದು. ಹೆಚ್ಚಿನ ಬಡ್ಡಿಯ ಆಸೆಗೆ ಪತ್ತಿನ ಸಹಕಾರ ಸಂಘದಲ್ಲಿ ಇಡುವವರು ಇದನ್ನು ತಿಳಿದಿರಬೇಕು: ಆ ವಿಮೆ ಸಹಕಾರಿ ಬ್ಯಾಂಕುಗಳಿಗೆ ಇದೆ, ಪತ್ತಿನ ಸಂಘಗಳಿಗೆ ಇಲ್ಲ. ಹೆಸರುಗಳು ಒಂದೇ ಥರ ಕೇಳಿಸುವುದರಿಂದ ಬೋರ್ಡಿನ ಮೇಲೆ ‘ಬ್ಯಾಂಕ್’ ಎಂದಿದೆಯೇ ಎಂದು ಸರಿಯಾಗಿ ಓದಿ.

ಅಂಚೆ ಕಚೇರಿಯ ಆರ್‌ಡಿ ಭದ್ರವಾದದ್ದು, ಆದರೆ ಅದು ಐದು ವರ್ಷದ್ದು. ಮೂರು ವರ್ಷದ ನಂತರ ಅವಧಿಗೆ ಮುಂಚೆ ಮುಚ್ಚಿದರೆ ಉಳಿತಾಯ ಖಾತೆಯ ಬಡ್ಡಿಯಷ್ಟೇ ಸಿಗುತ್ತದೆ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತದೆ. ನಾಲ್ಕನೇ ವರ್ಷಕ್ಕೆ ಮನೆ ಕೊಳ್ಳುವ ಯೋಚನೆ ಇದ್ದವರು ಬ್ಯಾಂಕಿನಲ್ಲಿ ಸರಿಯಾಗಿ 48 ತಿಂಗಳ ಆರ್‌ಡಿ ಮಾಡಿಸಿಕೊಳ್ಳುವುದು ಜಾಣತನ. ಪಿಪಿಎಫ್ 15 ವರ್ಷದ್ದು. ಅದನ್ನು ಮನೆಗೆಂದು ಶುರುಮಾಡಬೇಡಿ, ಹಳೆಯ ಖಾತೆಯಿದ್ದರೆ ಏಳನೇ ವರ್ಷದಿಂದ ಸ್ವಲ್ಪ ತೆಗೆಯಬಹುದು.

ಷೇರು ಮಾರುಕಟ್ಟೆಯ ಎಸ್‌ಐಪಿ ಐದು ವರ್ಷಕ್ಕೂ ಆಚೆಗಿನ ಗುರಿಗೆ ಮಾತ್ರ, ಅದೂ ಒಂದು ಭಾಗ. ಕೊಳ್ಳುವ ದಿನಕ್ಕೆ ಎರಡು ವರ್ಷ ಇರುವಾಗಲೇ ತಿಂಗಳು ತಿಂಗಳೂ ಎಫ್‌ಡಿಗೆ ಇಳಿಸಲು ಶುರುಮಾಡಿ. 2020ರ ಜನವರಿಯಿಂದ ಮಾರ್ಚ್‌ವರೆಗಿನ ಎರಡೇ ತಿಂಗಳಲ್ಲಿ ನಿಫ್ಟಿ ಶೇ 38ರಷ್ಟು ಕುಸಿದಿತ್ತು. ಮುಂದೆ ಏರಿತು ನಿಜ, ಆದರೆ ಏಪ್ರಿಲ್‌ನಲ್ಲಿ ಕ್ರಯಪತ್ರ ಆಗಬೇಕಿದ್ದವರಿಗೆ ಆ ಏರಿಕೆಯಿಂದ ಏನೂ ಸಿಗಲಿಲ್ಲ.

ಚೀಟಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ನಮ್ಮಲ್ಲಿ ಮನೆಯ ದುಡ್ಡಿನ ದೊಡ್ಡ ಪಾಲು ಅಲ್ಲೇ ಓಡಾಡುತ್ತದೆ. 50 ಜನ, ತಿಂಗಳಿಗೆ 10,000, 50 ತಿಂಗಳು, 5 ಲಕ್ಷದ ಚೀಟಿ. ನಡೆಸುವವರ ಕಮಿಷನ್ 1982ರ ಚಿಟ್ ಫಂಡ್ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಗರಿಷ್ಠ ಶೇ 7, ಅಂದರೆ ತಿಂಗಳಿಗೆ 35,000. ಕೊನೆಯವರೆಗೂ ಹರಾಜಿನಲ್ಲಿ ಕೂಗದೆ ಉಳಿದವರಿಗೆ ಹಂಚಿಕೆಯ ಲಾಭ ಸಿಗುತ್ತದೆ, ಬೇಗ ಕೂಗಿದವರು ಸಾಲ ತೆಗೆದಂತೆ. ಸಂಬಂಧಿಕರು, ಆಫೀಸಿನವರು ಬಾಯಿಮಾತಿನಲ್ಲಿ ನಡೆಸುವ ಚೀಟಿ ಮನೆಯ ಹಣಕ್ಕೆ ಬೇಡ. ಚಿಟ್ಸ್ ರಿಜಿಸ್ಟ್ರಾರ್ ಬಳಿ ನೋಂದಾಯಿತ ಒಪ್ಪಂದದ ಪ್ರತಿ ಕೈಗೆ ಬರಲಿ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ನೋಂದಾಯಿತ ಚೀಟಿಯಲ್ಲೂ ಜನ ಮರೆಯುವ ವಿಷಯ ಒಂದಿದೆ: ಕೂಗಿ ಗೆದ್ದ ತಕ್ಷಣ ದುಡ್ಡು ಬರುವುದಿಲ್ಲ. ಉಳಿದ ಕಂತುಗಳಿಗೆ ಜಾಮೀನುದಾರರು ಬೇಕು, ಅವರ ಸಂಬಳದ ಚೀಟಿ ಬೇಕು, ಪರಿಶೀಲನೆ ಆಗಬೇಕು. ಒಂದೂವರೆ ತಿಂಗಳು ಹಿಡಿಯಬಹುದು. ನೋಂದಣಿಯ ದಿನಕ್ಕೆ ಮೂರು ತಿಂಗಳು ಮುಂಚೆಯೇ ಎತ್ತಿ.

ಬೆಂಗಳೂರಿನ ಭೋಗ್ಯ ಇನ್ನೊಂದು. 15 ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ 15 ಲಕ್ಷ ವಾಪಸ್. 15 ಲಕ್ಷಕ್ಕೆ ಶೇ 7ರ ಬಡ್ಡಿ ತಿಂಗಳಿಗೆ 8,750. ಅದೇ ಮನೆಯ ಬಾಡಿಗೆ 18,000 ಇದ್ದರೆ ಲಾಭ ಕಣ್ಣಿಗೆ ಕಾಣುತ್ತದೆ. ಅಪಾಯ ಕಾಣುವುದಿಲ್ಲ. ಮನೆ ಮಾಲೀಕರು ಆ ಮನೆಯ ಮೇಲೆ ಮೊದಲೇ ಸಾಲ ಮಾಡಿ ಕಂತು ನಿಲ್ಲಿಸಿದ್ದರೆ ಬ್ಯಾಂಕಿನವರು ಸರ್ಫೇಸಿ ಕಾಯ್ದೆಯಡಿ (ಸಾಲ ವಸೂಲಿಗೆ ಅಡವಿಟ್ಟ ಆಸ್ತಿಯನ್ನು ವಶಕ್ಕೆ ಪಡೆಯುವ ಕಾನೂನು) ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ, ನಿಮ್ಮ 15 ಲಕ್ಷ ನ್ಯಾಯಾಲಯದ ದಾರಿ ಹಿಡಿಯುತ್ತದೆ. ಮಧ್ಯವರ್ತಿ ಕಂಪನಿಗಳು ನಿಮ್ಮಿಂದ ಭೋಗ್ಯದ ಹಣ ಪಡೆದು ಮಾಲೀಕರಿಗೆ ತಿಂಗಳ ಬಾಡಿಗೆ ಕಟ್ಟುತ್ತ, ಒಂದು ದಿನ ಕಟ್ಟುವುದನ್ನು ನಿಲ್ಲಿಸುವುದೂ ನಡೆಯುತ್ತದೆ. ಹೋಗಲೇಬೇಕೆಂದರೆ ಮಾಲೀಕರೊಂದಿಗೆ ನೇರ ಕರಾರು ಮಾಡಿ, ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪ್ರಮಾಣಪತ್ರ) ತೆಗೆಸಿ ನೋಡಿ, ಹಣ ಬ್ಯಾಂಕಿನ ಮೂಲಕವೇ ಕೊಡಿ. ಒಂದು ವರ್ಷಕ್ಕೆ ಮೀರಿದ ಕರಾರು ನೋಂದಣಿ ಆಗಲೇಬೇಕು. ಮಾಲೀಕರು ಹಣ ಹಿಂತಿರುಗಿಸುವುದು ಸಾಮಾನ್ಯವಾಗಿ ಹೊಸ ಭೋಗ್ಯದಾರರು ಸಿಕ್ಕ ಮೇಲೆ. ಆದ್ದರಿಂದ ಭೋಗ್ಯದ ಅವಧಿ ನಿಮ್ಮ ಮನೆ ಖರೀದಿಗೆ ಆರು ತಿಂಗಳು ಮೊದಲೇ ಮುಗಿಯುವಂತೆ ನೋಡಿಕೊಳ್ಳಿ. ಮನೆಯ ಹಣ ಪೂರ್ತಿ ಭೋಗ್ಯದಲ್ಲಿ ಕೂತಿರುವುದನ್ನು ನಾನು ಒಪ್ಪುವುದಿಲ್ಲ.

ಪಿಎಫ್ ಕೊನೆಯ ಆಸರೆಯಾಗಿರಲಿ. ಇಪಿಎಫ್‌ಒ ಮಂಡಳಿ 2025ರ ಅಕ್ಟೋಬರಿನಲ್ಲಿ ಹಣ ತೆಗೆಯುವ ನಿಯಮಗಳನ್ನು ಸರಳಗೊಳಿಸಲು ತೀರ್ಮಾನಿಸಿತು: 12 ತಿಂಗಳ ಸೇವೆ ಸಾಕು, ಆದರೆ ಕಾಲುಭಾಗ ಖಾತೆಯಲ್ಲಿ ಉಳಿಯಬೇಕು. ನಿಯಮಕ್ಕಿಂತ ಹೆಚ್ಚು ಕಾಡುವುದು ಕಾಗದ. ಆಧಾರ್‌ನಲ್ಲಿ ಇನಿಷಿಯಲ್ ವಿಸ್ತರಿಸಿ ಬರೆದಿದೆ, ಪಿಎಫ್‌ನಲ್ಲಿ ಒಂದೇ ಅಕ್ಷರವಿದೆ. ಹಳೆಯ ಕಂಪನಿ ಬಿಟ್ಟ ದಿನಾಂಕ ದಾಖಲಾಗಿಲ್ಲ. ಎರಡು ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಇವೆ. ಇವುಗಳಲ್ಲಿ ಯಾವುದಿದ್ದರೂ ಅರ್ಜಿ ತಿರಸ್ಕಾರ. ತಿದ್ದುಪಡಿಯನ್ನು ಆರು ತಿಂಗಳು ಮುಂಚೆ ಶುರುಮಾಡಿ.

ಕೂಡಿಡುವ ವರ್ಷಗಳಲ್ಲೇ ಸಾಲದ ಅರ್ಹತೆಯನ್ನೂ ಕಾಯಿರಿ

ಕೈಗೆ ಬರುವ ಸಂಬಳದ ಅರ್ಧದಷ್ಟರವರೆಗೆ ಎಲ್ಲ ಕಂತುಗಳೂ ಸೇರಿ ಇರಬಹುದು ಅನ್ನುವುದು ಬ್ಯಾಂಕುಗಳ ಸಾಮಾನ್ಯ ಅಳತೆ. 85,000 ಸಂಬಳಕ್ಕೆ 42,500; ಅದು ಮೇಲಿನ 48 ಲಕ್ಷದ ಸಾಲಕ್ಕೆ ಸರಿಹೋಗುತ್ತದೆ. ಈ ನಡುವೆ 9,000ದ ಕಾರಿನ ಕಂತು ತಲೆಮೇಲೆ ಹಾಕಿಕೊಂಡರೆ ಮನೆಯ ಸಾಲ ಹತ್ತು ಲಕ್ಷ ಕಡಿಮೆಯಾಗುತ್ತದೆ. 9,000ವನ್ನು 868ರಿಂದ ಭಾಗಿಸಿ ನೋಡಿ. ಆ ಹತ್ತು ಲಕ್ಷವನ್ನು ಮತ್ತೆ ಕೂಡಿಡಬೇಕಾದವರು ನೀವೇ. ಫೋನು, ಟಿವಿಗೆ ತೆಗೆದ ಸಣ್ಣ ಕಂತುಗಳು, ಆ್ಯಪ್ ಸಾಲಗಳು, ಗೆಳೆಯರಿಗೆ ಹಾಕಿದ ಜಾಮೀನು, ಎಲ್ಲವೂ ಕ್ರೆಡಿಟ್ ವರದಿಯಲ್ಲಿ ಕಾಣುತ್ತವೆ. ಸಿಬಿಲ್ ಸೇರಿ ನಾಲ್ಕು ಸಂಸ್ಥೆಗಳಿಂದಲೂ ವರ್ಷಕ್ಕೊಂದು ಪೂರ್ಣ ವರದಿ ಉಚಿತ. ಮುಚ್ಚಿದ ಸಾಲ ಇನ್ನೂ ಬಾಕಿ ಎಂದು ತೋರಿಸುತ್ತಿದ್ದರೆ ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರ ಪಡೆದು ಸರಿಪಡಿಸಿಕೊಳ್ಳಿ.

ಅಂಗಡಿ, ಟ್ಯಾಕ್ಸಿ, ಗುತ್ತಿಗೆ ಕೆಲಸದವರಿಗೆ ಬೇರೆ ಕಷ್ಟ. ದುಡಿಮೆ ಚೆನ್ನಾಗಿದ್ದರೂ ರಿಟರ್ನ್ಸ್‌ನಲ್ಲಿ ಆದಾಯ ಕಡಿಮೆ ತೋರಿಸಿದ್ದರೆ ಬ್ಯಾಂಕು ಕಾಗದವನ್ನೇ ನಂಬುತ್ತದೆ. ಎರಡು ಮೂರು ವರ್ಷದ ರಿಟರ್ನ್ಸ್ ಕೇಳುವುದರಿಂದ ನಿಜವಾದ ಆದಾಯ ತೋರಿಸುವುದನ್ನು ಮೂರು ವರ್ಷ ಮೊದಲೇ ಶುರುಮಾಡಬೇಕು. ಮನೆಯಲ್ಲಿಟ್ಟ ನಗದನ್ನು ಅರ್ಜಿ ಹಾಕುವ ಹಿಂದಿನ ತಿಂಗಳು ಒಟ್ಟಿಗೆ ಖಾತೆಗೆ ಕಟ್ಟಿದರೆ ಮೂಲ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಅಪ್ಪ, ಅಮ್ಮ, ಅತ್ತೆ, ಮಾವ ಕೊಡುವ ಹಣಕ್ಕೆ ತೆರಿಗೆ ಇಲ್ಲ. ಅವರ ಖಾತೆಯಿಂದ ನಿಮ್ಮ ಖಾತೆಗೇ ಬರಲಿ, ಉಡುಗೊರೆ ಎಂದು ಒಂದು ಪತ್ರ ಬರೆಸಿಟ್ಟುಕೊಳ್ಳಿ.

ಅಡ್ವಾನ್ಸ್ ಕೊಡುವ ವಾರ

ಐದು ವರ್ಷ ಕೂಡಿಟ್ಟದ್ದು ಕಳೆದುಹೋಗುವುದು ಹೆಚ್ಚಾಗಿ ಇದೊಂದು ವಾರದಲ್ಲಿ. ಮೊದಲು ಬ್ಯಾಂಕಿನಿಂದ ನಿಮ್ಮ ಆದಾಯದ ಮೇಲಿನ ಮಂಜೂರಾತಿ ಪತ್ರ ಪಡೆಯಿರಿ, ಆಮೇಲೆ ಮನೆ ನೋಡಿ. ಇ-ಖಾತಾ ಇಲ್ಲದೆ ಈಗ ನೋಂದಣಿ ಆಗುವುದಿಲ್ಲ. ಮಾರುವವರ ಇ-ಖಾತಾದ ಹೆಸರು, ಅಳತೆ, ಕ್ರಯಪತ್ರದ ಹೆಸರು, ಆಧಾರ್ ಎಲ್ಲವೂ ತಾಳೆಯಾಗಬೇಕು. ಬಿ ಖಾತಾ (ಅನುಮೋದನೆಯಲ್ಲಿ ಲೋಪವಿರುವ ಆಸ್ತಿಯ ಖಾತಾ), ಭೂಪರಿವರ್ತನೆಯಾಗದ ರೆವಿನ್ಯೂ ಸೈಟು ಅಗ್ಗ ಎಂದು ಆಸೆಪಡಬೇಡಿ. ಹೆಚ್ಚಿನ ಬ್ಯಾಂಕುಗಳು ಅದಕ್ಕೆ ಸಾಲ ಕೊಡುವುದಿಲ್ಲ, ನಾಳೆ ನಿಮ್ಮಿಂದ ಕೊಳ್ಳುವವರಿಗೂ ಕೊಡುವುದಿಲ್ಲ. ರಾಜ್ಯದ ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ 30 ವರ್ಷದ ಇಸಿ ತೆಗೆಸಿ. ಹೊಸ ಯೋಜನೆಯಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಇಲ್ಲದೆ ‘ಪ್ರೀ ಲಾಂಚ್’ ಎಂದು ಕೇಳುವ ಹಣ ಕೊಡಬೇಡಿ. ನೋಂದಾಯಿತ ಕರಾರು ಆಗುವವರೆಗೆ ಶೇ 10ಕ್ಕಿಂತ ಹೆಚ್ಚು ಪಡೆಯುವ ಹಾಗೂ ಇಲ್ಲ. ಕಟ್ಟುತ್ತಿರುವ ಮನೆಗೆ ಶೇ 5 ಜಿಎಸ್‌ಟಿ, ಕೈಗೆಟುಕುವ ವರ್ಗದ ಮನೆಗೆ ಶೇ 1, ಜೊತೆಗೆ ಮನೆ ಕೈಗೆ ಬರುವವರೆಗೆ ಬಾಡಿಗೆಯೂ ಬಡ್ಡಿಯೂ ಎರಡೂ ಕಟ್ಟಬೇಕು. ಆ ಎರಡು ವರ್ಷದ ಬಡ್ಡಿಯನ್ನು ಗುರಿಗೆ ಮೊದಲೇ ಸೇರಿಸಿ.

ಕ್ರಯದ ಕರಾರಿನಲ್ಲಿ ಒಂದು ಸಾಲು ಇರಲೇಬೇಕು: ಪತ್ರಗಳ ಲೋಪದಿಂದ ಬ್ಯಾಂಕು ಸಾಲ ನಿರಾಕರಿಸಿದರೆ ಅಡ್ವಾನ್ಸ್ ಪೂರ್ತಿ ಇಂತಿಷ್ಟು ದಿನದೊಳಗೆ ವಾಪಸ್. ಈ ಸಾಲಿಗೆ ಒಪ್ಪದ ಮಾರಾಟಗಾರರಿಗೆ ಒಂದು ಲಕ್ಷಕ್ಕಿಂತ ಹೆಚ್ಚು ಕೊಡಬೇಡಿ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ಕಟ್ಟುವ ಹೊಣೆ ಕೊಳ್ಳುವವರದು. 60 ಲಕ್ಷಕ್ಕೆ 60,000. ಅದು ಹೆಚ್ಚುವರಿ ಖರ್ಚಲ್ಲ, ಮಾರುವವರ ಹಣದಲ್ಲೇ ಹಿಡಿಯಬೇಕಾದದ್ದು. ಪೂರ್ತಿ ಕೊಟ್ಟುಬಿಟ್ಟರೆ ನಿಮ್ಮ ಕೈಯಿಂದ ಹೋಗುತ್ತದೆ, ತಡವಾದರೆ ಬಡ್ಡಿ ಮತ್ತು ದಿನಕ್ಕೆ 200 ರೂಪಾಯಿ ಶುಲ್ಕ. ಮಾರುವವರು ವಿದೇಶದಲ್ಲಿ ನೆಲೆಸಿದ್ದರೆ ದರವೇ ಬೇರೆ, ಲೆಕ್ಕಪರಿಶೋಧಕರನ್ನು ಕೇಳದೆ ಮುಂದುವರಿಯಬೇಡಿ.

ಸಾಲದ ಕಾಗದಕ್ಕೆ ಸಹಿ ಹಾಕುವಾಗ ಒಂದೇ ಕಂತಿನ ವಿಮೆಯನ್ನು ಸಾಲಕ್ಕೆ ಸೇರಿಸಿರುತ್ತಾರೆ, ಅದು ಒಂದೂವರೆ ಎರಡು ಲಕ್ಷವೂ ಆಗಬಹುದು. ಅದು ಕಡ್ಡಾಯವಲ್ಲ. ಬೇರೆಯಾಗಿ ಟರ್ಮ್ ಪಾಲಿಸಿ ಮಾಡಿಸಿ, ಇದನ್ನು ತೆಗೆಸಿ.

ಹಳೆಯ ಬಾಡಿಗೆ ಮನೆಯ ಅಡ್ವಾನ್ಸನ್ನು ಮೇಲಿನ ಲೆಕ್ಕದಲ್ಲಿ ನಾನು ಎಲ್ಲೂ ಸೇರಿಸಿಲ್ಲ, ಬೇಕೆಂದೇ. ಹತ್ತು ತಿಂಗಳ ಅಡ್ವಾನ್ಸ್ ಪದ್ಧತಿ ಬೆಂಗಳೂರಿನಲ್ಲಿ ಪೂರ್ತಿ ಹೋಗಿಲ್ಲ. 20,000 ಬಾಡಿಗೆಗೆ 2 ಲಕ್ಷ ಅಲ್ಲಿ ಕೂತಿರುತ್ತದೆ. ಆದರೆ ಅದು ಕೈಗೆ ಬರುವುದು ಖಾಲಿ ಮಾಡಿದ ಮೇಲೆ, ಪೇಂಟಿಂಗಿಗೆ ಒಂದು ತಿಂಗಳು ಹಿಡಿದುಕೊಂಡ ಮೇಲೆ. ನೋಂದಣಿಯ ಖರ್ಚಿಗೆ ಅದು ಎಂದೂ ಸಮಯಕ್ಕೆ ಬರುವುದಿಲ್ಲ. ಬಂದಾಗ ಸೋಫಾಗೆ ಹಾಕಬೇಡಿ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುಂಚೆ ಕಟ್ಟಿದರೆ ಬ್ಯಾಂಕು ದಂಡ ಹಾಕುವ ಹಾಗಿಲ್ಲ. 48 ಲಕ್ಷದ ಸಾಲಕ್ಕೆ ಮೊದಲ ವರ್ಷದ ಕೊನೆಗೆ 2 ಲಕ್ಷ ಕಟ್ಟಿ, ಕಂತು ಹಾಗೇ ಇರಲಿ, ಅವಧಿ ಇಳಿಸಿ ಎಂದು ಬರೆದುಕೊಟ್ಟರೆ 22 ಕಂತುಗಳು ಕಡಿಮೆಯಾಗುತ್ತವೆ. ಆ 22 ಕಂತುಗಳ ಮೊತ್ತ 9 ಲಕ್ಷ ದಾಟುತ್ತದೆ.